ಹರಿಣಾಕ್ಷಿ ಅಕ್ಕನ ಹಳದಿ ಹರಳು

ಹರಿಣಾಕ್ಷಿ ಅಕ್ಕ,

ಕ್ಷೇಮ ವಿಚಾರಿಸಿ ಪತ್ರ ಶುರು ಮಾಡಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ನಿಮಗೆ ಅದನ್ನು ಬರೆಯುವುದು ಹೇಗೆ? ನನ್ನ ಕ್ಷೇಮವನ್ನಾದರೂ ತಿಳಿಸೋಣವೆಂದರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಆ ಸಾಲು ಬಿಟ್ಟೇ ಮುಂದಕ್ಕೆ ಹೋಗುತ್ತೇನೆ. ಒಂದು ಸುದ್ದಿ ಇದೆ. ಅದನ್ನು ಯಾರಿಗೆ ಹೇಳಲು ಹೋದರೂ ಒಂದೋ ನಾನೇ ಮಾತು ಬದಲಿಸುತ್ತೇನೆ, ಇಲ್ಲವೇ ಅವರೇ ನನ್ನ ಬಾಯಿ ಮುಚ್ಚಿಸುತ್ತಾರೆ. ನಿಮಗೆ ಹೇಳಿದರೆ ಯಾರಿಗೂ ತೊಂದರೆಯಿಲ್ಲ. ನಾವಿಬ್ಬರೂ ತುಳುವಿನಲ್ಲೇ ಮಾತಾಡಿದವರು. ಬರೆಯಲು ಮಾತ್ರ ನನಗೆ ಕನ್ನಡವೇ ಬರುವುದು. ಮೊದಲಿನಿಂದ ಬರೆಯುತ್ತೇನೆ, ನಿಮಗೆ ಗೊತ್ತಿರುವುದನ್ನೂ ಸೇರಿಸಿ. ಬದುಕಿದ್ದರೆ ನಡುವೆ ಕೈ ಬೀಸಿ, ಗೊತ್ತುಂಟು ಮಾರಾಯ, ಮುಂದೆ ಹೇಳು ಎನ್ನುತ್ತಿದ್ದಿರಿ.

ನಾನು ಲ್ಯಾಬಿಗೆ ಸೇರಿದ ಮೊದಲ ವಾರ ಆಗಾಗ ನೆನಪಾಗುತ್ತದೆ. ಎಂ.ಎಸ್ಸಿ.ಯಲ್ಲಿ ಒಳ್ಳೆಯ ಅಂಕ ತೆಗೆದ ಗರ್ವ ಹೊತ್ತುಕೊಂಡು ಅಜೆಕಾರಿನ ಬಸ್ಸಿನಿಂದ ಇಳಿದಿದ್ದೆ. ನಮ್ಮ ಗೈಡ್ ಸರ್ ನನ್ನನ್ನು ನಿಮ್ಮ ಮುಂದೆ ನಿಲ್ಲಿಸಿ, ಇವನಿಗೆ ಕೈಕೆಲಸ ಕಲಿಸು ಎಂದು ಹೇಳಿ ಹೋದರು. ನೀವು ಒಂದು ಸಿರಿಂಜ್ ಕೊಟ್ಟು, ರಬ್ಬರ್ ಮುಚ್ಚಳ ಹಾಕಿದ ಖಾಲಿ ಫ್ಲಾಸ್ಕಿನೊಳಗೆ ಚುಚ್ಚಿ ನೀರು ಬಿಡಲು ಹೇಳಿದಿರಿ. ಬರೀ ನೀರು. ನನ್ನ ಕೈ ನಡುಗಿ ಸೂಜಿ ಬಾಗಿಹೋಯಿತು. ಅಕ್ಕ, ನಾನು ಅಲ್ಲಿಯವರೆಗೆ ಮಾಡಿದ ಪ್ರಯೋಗವೆಂದರೆ, ಒಂದು ಮೇಜಿನ ಸುತ್ತ ಇಡೀ ಕ್ಲಾಸು ನಿಂತು ಲೆಕ್ಚರರ್ ಮಾಡಿದ್ದನ್ನು ನೋಡಿದ್ದು. ಹಿಂದೆ ನಿಂತವನಾದ್ದರಿಂದ ಅದೂ ಕಂಡಿರಲಿಲ್ಲ, ಮುಂದಿನವನ ಬೆನ್ನು ಕಂಡಿತ್ತು. ನೀವು ನಗಲಿಲ್ಲ. "ಮೊದಲು ಕೈಯ ಹೆದರಿಕೆ ಹೋಗಬೇಕು. ತಲೆಗೆ ಆಮೇಲೆ ನಿಧಾನಕ್ಕೆ ಬರ್ತದೆ" ಎಂದು ಇನ್ನೊಂದು ಸೂಜಿ ಕೊಟ್ಟಿರಿ. ಆ ವಾರವಿಡೀ ನಾನು ಮಾಡಿದ್ದು ಅದೊಂದೇ ಕೆಲಸ. ಅವಮಾನದಿಂದ ಒಳಗೊಳಗೇ ಕುದಿಯುತ್ತಿದ್ದೆ. ಈಗ ನನ್ನ ಮುಂದೆ ಬರುವ ಹೊಸಬರಿಗೆ ನಾನು ಮೊದಲು ಕೊಡುವುದೂ ಸಿರಿಂಜು ಮತ್ತು ನೀರನ್ನೇ.

ಬೇಸಿನ್ನಿನ ಮುಂದೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನೀವು ಫ್ಲಾಸ್ಕು ತೊಳೆಯುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ನಮ್ಮಲ್ಲಿಗೆ ಬರುವ ಮೊದಲು ನೀವು ಜೀವಕೋಶ ಬೆಳೆಸುವ ಲ್ಯಾಬಿನಲ್ಲಿ ಇದ್ದವರು. ಕೆಮಿಸ್ಟ್ರಿಯವರ ಮಡಿ ಒಂದು, ಬಯಾಲಜಿಯವರ ಮಡಿ ಇನ್ನೊಂದು. ನಮಗೆ ನೀರೇ ಮೈಲಿಗೆ. ತೊಳೆದ ಮೇಲೆ ಅಸಿಟೋನ್ ಸುರಿದು, ಬಿಸಿ ಓವನ್ನಿಗೆ ಹಾಕಿ, ನೀರಿನ ಸುಳಿವೇ ಇಲ್ಲದ ಹಾಗೆ ಮಾಡಿದರೆ ಮಾತ್ರ ಪಾತ್ರೆ ಶುದ್ಧ. ನಿಮಗೆ ಅಸಿಟೋನೇ ಮೈಲಿಗೆ, ಕೋಶಗಳು ಸತ್ತುಹೋಗುತ್ತವಲ್ಲ. ಹಾಗಾಗಿ ಕೊನೆಯ ಸಲ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ, ಬಟ್ಟೆಯ ಮೇಲೆ ಬೋರಲು ಹಾಕಿ ಬಿಡುತ್ತಿದ್ದಿರಿ. ಸರ್ ಕಂಡರೆ ಬಯ್ಯುತ್ತಾರೆಂದು ಎಷ್ಟೋ ಸಲ ಓವನ್ನಿಗೂ ಹಾಕುತ್ತಿದ್ದಿರಿ, ಕಾಣದಿದ್ದರೆ ಇಲ್ಲ. ಆ ಕೈ ಹಾಗೆಯೇ ಪಳಗಿತ್ತು. ಎಲ್ಲರೂ ನಿಮ್ಮನ್ನು ಗೇಲಿ ಮಾಡುತ್ತಿದ್ದರು. ನೀವೂ ನಗುತ್ತಿದ್ದಿರಿ.

ಹಳದಿ ಹರಳು ಮೊದಲ ಸಲ ಬಂದ ದಿನ ನೀವು ನನ್ನನ್ನು ಕರೆದ ಸ್ವರ ಇನ್ನೂ ಕಿವಿಯಲ್ಲಿದೆ. ಏನೋ ಒಡೆದುಹೋಗಿದೆ ಎಂದು ನಾನು ಓಡಿ ಬಂದಿದ್ದೆ. ಫ್ಲಾಸ್ಕಿನ ತಳದಲ್ಲಿ ಸಣ್ಣ ಸಣ್ಣ ಸೂಜಿಯಂಥ ಹರಳುಗಳು, ಅರಸಿನದ ಬಣ್ಣ. ನಿಮ್ಮ ಪಿಎಚ್.ಡಿ.ಯ ಕೊನೆಯ ಹಂತ ಅದು. ಅದಕ್ಕಾಗಿಯೇ ಅಷ್ಟು ವರ್ಷ ಕಾಪುವಿನ ಮನೆಯಿಂದ ಬಸ್ಸು ಹಿಡಿದು ಬಂದದ್ದು. ಏನೆಂದು ಪರೀಕ್ಷಿಸಲು ಮಣಿಪಾಲಕ್ಕೆ ಕಳಿಸಿದ ಸ್ಯಾಂಪಲ್ಲಿನ ಗ್ರಾಫ್ ನೀವು ಅಂದುಕೊಂಡ ಹಾಗೆಯೇ ಬಂತು. ಮತ್ತೆ ಮಾಡಿದಿರಿ, ಮತ್ತೆ ಬಂತು. ಕೋಶಗಳ ಮೇಲೆ ಹಾಕಿದರೆ ಕ್ಯಾನ್ಸರ್ ಗಡ್ಡೆಯ ಕೋಶಗಳ ಬೆಳವಣಿಗೆ ನಿಂತೇ ಹೋಯಿತು. ಆ ಸಂಜೆ ಕ್ಯಾಂಟೀನಿನ ಗೋಳಿಬಜೆ ಎಲ್ಲರಿಗೂ ನಿಮ್ಮದೇ. ಅಷ್ಟು ಸಂತೋಷಪಟ್ಟ ನಿಮ್ಮನ್ನು ನಾನು ಆಮೇಲೆ ನೋಡಲಿಲ್ಲ.

ನಿಮ್ಮ ಲೇಖನ ಕಳಿಸಿದ್ದ ವಿಜ್ಞಾನ ಪತ್ರಿಕೆಯವರ ಉತ್ತರ ಬಂದ ಬೆಳಿಗ್ಗೆ ಸರ್ ಖುಷಿಯಲ್ಲೇ ಇದ್ದರು. ಲೇಖನ ಚೆನ್ನಾಗಿದೆ, ಒಮ್ಮೆ ಹೊಸದಾಗಿ ಮಾಡಿ ಇನ್ನೊಂದು ಅಳತೆ ಕಳಿಸಿ ಎಂದು ಕೇಳಿದ್ದರು ಅಷ್ಟೇ. ಮೊದಲು ಮಾಡಿದ ಹರಳೆಲ್ಲ ಕೋಶಗಳ ಪರೀಕ್ಷೆಗೆ ಮುಗಿದುಹೋಗಿತ್ತು. ಬೇರೆಯವರ ಕೈಯಲ್ಲೂ ಬರಬೇಕು ಎಂದು ಸರ್ ನನಗೆ ಮಾಡಲು ಹೇಳಿದರು. ನೀವು ಬರೆದಿಟ್ಟ ಹಾಗೆಯೇ ಮಾಡಿದೆ. ಬಂದದ್ದು ಬೆಲ್ಲದ ಪಾಕದಂಥ ಕಂದು ಅಂಟು. ಇನ್ನೊಮ್ಮೆ ಮಾಡಿದೆ, ಅದೇ ಅಂಟು. ಪಕ್ಕದ ಮೇಜಿನವರು ಮಾಡಿದರು, ಅವರಿಗೂ ಅದೇ. ಕೊನೆಗೆ ನೀವೇ ಮಾಡಿದಿರಿ, ಸರ್ ಕಣ್ಣೆದುರೇ, ಓವನ್ನಿಗೆ ಹಾಕಿದ ಫ್ಲಾಸ್ಕಿನಲ್ಲಿ; ನಿಮಗೂ ಅಂಟೇ ಬಂತು. ಕೆಲಸ ಕೆಟ್ಟರೆ ತಪ್ಪನ್ನೆಲ್ಲ ನೀರಿನ ತಲೆಗೆ ಕಟ್ಟುವುದು ನಮ್ಮ ಕೆಮಿಸ್ಟ್ರಿಯವರ ಅಭ್ಯಾಸವಷ್ಟೆ? ಎಲ್ಲೋ ತೇವ ಹೊಕ್ಕಿದೆ, ಇನ್ನೂ ಒಣಗಿಸಿ ಮಾಡು ಎಂದರು ಸರ್. ನೀವು ಒಣಗಿಸಿದಿರಿ. ಅಂಟು ಬಂತು. ಇನ್ನಷ್ಟು ಒಣಗಿಸಿದಿರಿ...

ಸರ್ ಮತ್ತಿಬ್ಬರು ಪ್ರೊಫೆಸರುಗಳನ್ನು ಕರೆಸಿ, ಅವರ ಎದುರಿಗೇ ನಿಮ್ಮಿಂದ ಮಾಡಿಸಿದ ದಿನವನ್ನು ಬರೆಯದೆ ದಾಟಿಬಿಡಲೇ ಎಂದು ಯೋಚಿಸಿದೆ. ಆಗುವುದಿಲ್ಲ. ನೀವು ಹಿಂದಿನ ದಿನವೇ ಫ್ಲಾಸ್ಕುಗಳನ್ನು ಅಸಿಟೋನಿನಲ್ಲಿ ತೊಳೆದು ಓವನ್ನಿಗೆ ಹಾಕಿದ್ದಿರಿ. ಸಿರಿಂಜ್, ಸೂಜಿ, ಗಾಜಿನ ಕಡ್ಡಿ, ಯಾವುದನ್ನೂ ಬಿಟ್ಟಿರಲಿಲ್ಲ. ಓವನ್ನಿನ ಬಾಗಿಲಿಗೆ ತೆರೆಯಬೇಡಿ ಎಂದು ಚೀಟಿ ಅಂಟಿಸಿದ್ದಿರಿ. ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ ಮನುಷ್ಯರನ್ನು ನಾನು ಆವರೆಗೆ ನೋಡಿರಲಿಲ್ಲ. ಕೈ ಒಂದಿಷ್ಟೂ ನಡುಗಲಿಲ್ಲ. ದ್ರಾವಣ ಮೊದಲು ಕಿತ್ತಳೆ ಬಣ್ಣಕ್ಕೆ ತಿರುಗಿತು, ನಿಧಾನಕ್ಕೆ ಕಂದಾಯಿತು. ಪ್ರೊಫೆಸರುಗಳಲ್ಲಿ ಒಬ್ಬರು ವಾಚು ನೋಡಿಕೊಂಡರು. ಮೊದಲಿನ ಗ್ರಾಫ್ ಯಾವುದರದ್ದು ಹಾಗಾದರೆ ಎಂದು ಇನ್ನೊಬ್ಬರು ಕೇಳಿದರು, ನಿಮ್ಮನ್ನಲ್ಲ, ಸರ್ ಕಡೆಗೆ ತಿರುಗಿ. ಆ ಪ್ರಶ್ನೆಯ ಅರ್ಥ ಲ್ಯಾಬಿನಲ್ಲಿ ಎಲ್ಲರಿಗೂ ಆಯಿತು. ಬೇರೆಲ್ಲಿಂದಲೋ ತಂದ ಪುಡಿಯನ್ನು ತಾನು ಮಾಡಿದ್ದೆಂದು ಕಳಿಸಿದ್ದಾಳೆ ಎಂದು. ನೀವು ಫ್ಲಾಸ್ಕು ತೊಳೆಯಲು ಹೋದಿರಿ.

ಬಸ್‌ಸ್ಟಾಪಿನಲ್ಲಿ ಆ ಸಂಜೆ ನೀವು ನನ್ನನ್ನು ಕೇಳಿದಿರಿ. "ನಾನು ಮೊದಲು ನೋಡಿದ್ದು ಎಂತ ಹಾಗಾದರೆ, ದಿನೇಶ? ಹರಳು ಇತ್ತಲ್ವಾ? ನೀನೂ ನೋಡಿದ್ದಿ ಅಲ್ವಾ?" ಇತ್ತು ಅಕ್ಕ, ನಾನೂ ನೋಡಿದ್ದೇನೆ ಎಂದೆ. ನೀವು ತಲೆಯಾಡಿಸಿದಿರಿ. ಆದರೆ ನನ್ನ ಮಾತಿನಿಂದ ನಿಮಗೆ ಏನೂ ಸಮಾಧಾನವಾಗಲಿಲ್ಲ. ಬೇರೆಯವರು ನಂಬದಿದ್ದರೆ ಜಗಳವಾಡಬಹುದು. ತನ್ನ ಕೈಯನ್ನೇ ತಾನು ನಂಬದಾದರೆ ಯಾರ ಹತ್ತಿರ ಹೋಗಿ ಜಗಳವಾಡುವುದು? ಆ ಮಳೆಗಾಲದಲ್ಲಿ ನಿಮಗೆ ಜ್ವರ ಬಂತು. ವೈರಲ್ ಇರಬೇಕು ಎಂದುಕೊಂಡು ಮಾತ್ರೆ ನುಂಗುತ್ತಲೇ ಲ್ಯಾಬಿಗೆ ಬಂದಿರಿ. ಇಲಿಜ್ವರ ಎಂದು ತಿಳಿಯುವಾಗ ಕಿಡ್ನಿ ನಿಂತಿತ್ತು. ನನಗೆ ಫೋನ್ ಬರುವಾಗ ನಿಮ್ಮನ್ನು ಕಾಪುವಿಗೆ ತಂದಾಗಿತ್ತು.

ನಿಮ್ಮ ಮೇಜು ಖಾಲಿ ಮಾಡಿದ ದಿನ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಶೋಕಸಭೆಯಲ್ಲಿ ಎಲ್ಲರೂ ನಿಮ್ಮ ನಗುಮುಖವನ್ನೇ ಹೊಗಳಿದರು. ಕೆಲಸದ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಲೇಖನವನ್ನು ವಾಪಸ್ ತೆಗೆದುಕೊಂಡಾಗಿತ್ತು. ಥೀಸಿಸ್ ಮುಂದಕ್ಕೆ ಹೋಗುವ ಪ್ರಶ್ನೆಯೇ ಇರಲಿಲ್ಲ. ಸತ್ತವರ ಮೇಲೆ ವಿಚಾರಣೆ ಬೇಡ ಎಂದು ದೊಡ್ಡ ಮನಸ್ಸು ಮಾಡಿ ಫೈಲು ಮುಚ್ಚಿದರು. ವಿಚಾರಣೆಯಾಗಿದ್ದರೆ ಒಳ್ಳೆಯದಿತ್ತು ಅಕ್ಕ. ಈಗ ಅದು ಯಾರೂ ಎದ್ದು ನಿಂತು ಹೇಳದ, ಆದರೆ ಎಲ್ಲರಿಗೂ ಗೊತ್ತಿರುವ ಮಾತಾಗಿ ಉಳಿದುಬಿಟ್ಟಿದೆ.

ಈ ಸಲದ ತರಬೇತಿಗೆ ಸಾಮಾನು ಜೋಡಿಸುತ್ತಿದ್ದಾಗ ಸರ್ ಬಂದು ಕಪಾಟಿನ ಕಡೆ ತೋರಿಸಿದರು. ಹೊಸದಾಗಿ ಪಿಎಚ್.ಡಿ.ಗೆ ಸೇರಿದ ಕೆಮಿಸ್ಟ್ರಿಯವರಿಗೂ ಬಯಾಲಜಿಯವರಿಗೂ ಒಟ್ಟಿಗೇ ಕೈಕೆಲಸ ಕಲಿಸುವ ತರಬೇತಿ. ನೀವು ಹೋದ ಮೇಲೆ ಅದು ನನ್ನ ತಲೆಗೆ ಬಂದಿದೆ. ಕಪಾಟಿನಲ್ಲಿ ನಿಮ್ಮ ಕೊನೆಯ ಹಂತದ ಸಾಮಗ್ರಿ ಇನ್ನೂ ಇತ್ತು. ಸುಮ್ಮನೆ ಹಾಳಾಗುವುದು ಬೇಡ, ಇದನ್ನೇ ಮಕ್ಕಳಿಗೆ ಕೊಡು ಎಂದರು ಸರ್. ಗಾಳಿ ಸೋಕದ ಹಾಗೆ ನೈಟ್ರೋಜನ್ ಬಲೂನ್ ಕಟ್ಟುವುದು, ಸಿರಿಂಜಿನಲ್ಲಿ ಹಾಕುವುದು, ಇಷ್ಟು ಕಲಿತರೆ ಸಾಕಲ್ಲ, ಕೊನೆಗೆ ಏನೂ ಬರದಿದ್ದರೂ ನಡೆಯುತ್ತದೆ ಎಂದರು. ನಿಮ್ಮ ಅಷ್ಟು ವರ್ಷದ ಕೆಲಸ ಏನೂ ಬರದಿದ್ದರೂ ನಡೆಯುವ ಅಭ್ಯಾಸವಾಯಿತು. ನಾನು ಬೇಡ ಎನ್ನಲಿಲ್ಲ. ಅನ್ನುವ ಹಕ್ಕು ಯಾವ ಸ್ಕಾಲರಿಗೆ ಇದೆ ಹೇಳಿ.

ಶ್ರಾವ್ಯಾ ಎನ್ನುವ ಹುಡುಗಿ ಕೈ ಎತ್ತಿದಾಗ ನಾನು ಬೇರೆ ಮೇಜಿನ ಹತ್ತಿರ ಸೂಜಿ ಹಿಡಿಯುವುದನ್ನು ತೋರಿಸುತ್ತಿದ್ದೆ. ನಿಟ್ಟೆಯ ಕಡೆಯವಳು, ಬಯಾಲಜಿ, ಮೆತ್ತಗಿನ ಮಾತು. ತನ್ನದು ಹಾಳಾಗಿದೆ, ಬೇರೆಯವರ ಹಾಗೆ ಕಂದು ಬಣ್ಣ ಬರಲಿಲ್ಲ ಎಂದು ಅಳುವ ಹಾಗಾಗಿದ್ದಳು. ಹೋಗಿ ನೋಡಿದೆ. ಫ್ಲಾಸ್ಕಿನ ತಳದಲ್ಲಿ ಅರಸಿನದ ಬಣ್ಣದ ಸೂಜಿಗಳು. ಅಕ್ಕ, ಅವೇ ಹರಳುಗಳು. ಎಡಬಲದ ಮೇಜುಗಳಲ್ಲಿ ಅದೇ ಸಾಮಗ್ರಿ, ಅದೇ ಅಳತೆ, ಅಲ್ಲೆಲ್ಲ ಕಂದು ಅಂಟು. ಎಂತ ಮಾಡಿದ್ದಿ, ಒಂದೂ ಬಿಡದೆ ಹೇಳು ಎಂದೆ. ನನ್ನ ಸ್ವರ ಏರಿರಬೇಕು, ಅವಳು ಹೆದರಿಬಿಟ್ಟಳು. "ನೀವು ಕೊಟ್ಟ ಫ್ಲಾಸ್ಕಿನಲ್ಲಿ ಅಸಿಟೋನ್ ವಾಸನೆ ಇತ್ತು ಸರ್. ಕ್ಲೀನ್ ಇಲ್ಲ ಅಂತ ಒಮ್ಮೆ ಡಿಸ್ಟಿಲ್ಡ್ ನೀರಲ್ಲಿ ಜಾಲಿಸಿದೆ. ಬೋರಲು ಹಾಕಿದ್ದೆ, ನೀರು ಇರಲಿಲ್ಲ."

ನೀರು ಇರಲಿಲ್ಲ. ಕಣ್ಣಿಗೆ ಕಾಣುವಷ್ಟು ಇರಲಿಲ್ಲ, ನಿಮ್ಮ ಫ್ಲಾಸ್ಕುಗಳಲ್ಲೂ. ನಮ್ಮ ಕರಾವಳಿಯಲ್ಲಿ ಬೋರಲು ಹಾಕಿದ ಪಾತ್ರೆ ಯಾವತ್ತು ಪೂರ್ತಿ ಒಣಗಿದೆ? ನೀವು ಒಣ ಫ್ಲಾಸ್ಕು ಎಂದೇ ಬರೆದಿದ್ದಿರಿ, ಎಲ್ಲರೂ ಬರೆಯುವ ಹಾಗೆ. ಹೇಗೆ ತೊಳೆದೆ ಎಂದು ಯಾರು ಬರೆಯುತ್ತಾರೆ? ಮಾರನೆಯ ದಿನ ನಾನೇ ಮಾಡಿದೆ. ಒಂದು ಫ್ಲಾಸ್ಕನ್ನು ಓವನ್ನಿನಲ್ಲಿ ಚೆನ್ನಾಗಿ ಒಣಗಿಸಿದೆ. ಇನ್ನೊಂದನ್ನೂ ಅಷ್ಟೇ ಒಣಗಿಸಿ, ಆಮೇಲೆ ಸಿರಿಂಜಿನಲ್ಲಿ ಒಂದು ಹನಿ ನೀರು ಬಿಟ್ಟೆ. ಮೊದಲನೆಯದರಲ್ಲಿ ಅಂಟು, ಎರಡನೆಯದರಲ್ಲಿ ಹರಳು. ಮತ್ತೆ ಮಾಡಿದೆ, ಹಾಗೆಯೇ ಆಯಿತು. ಆ ಹನಿ ಇಲ್ಲದೆ ನಿಮ್ಮ ಕೊನೆಯ ಹಂತ ನಡೆಯುವುದೇ ಇಲ್ಲ. ಮಣಿಪಾಲದಿಂದ ಗ್ರಾಫ್ ಬಂದಾಗ ನಿಮ್ಮ ಹಳೆಯದರ ಮೇಲೆ ಇಟ್ಟು ಬೆಳಕಿಗೆ ಹಿಡಿದೆ. ಒಂದು ಗೆರೆಯೂ ಬೇರೆಯಾಗಿರಲಿಲ್ಲ. ನನಗೆ ಸಂತೋಷವಾಗಬೇಕಿತ್ತು ಅಲ್ಲವೇ? ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು ಅತ್ತೆ. ಆ ದಿನ ನೀವು ಸ್ವಲ್ಪ ಅಸಡ್ಡೆ ಮಾಡಿದ್ದರೆ ಸಾಕಿತ್ತು. ಓವನ್ ಮರೆತಿದ್ದರೆ, ಕರೆಂಟ್ ಹೋಗಿದ್ದರೆ, ಗಡಿಬಿಡಿಯಲ್ಲಿ ಯಾವತ್ತಿನ ಹಾಗೆ ತೊಳೆದಿದ್ದರೆ... ನಿಮ್ಮನ್ನು ನಂಬದವರ ಎದುರಿಗೆ ಎಲ್ಲರಿಗಿಂತ ಶುದ್ಧವಾಗಿ ಮಾಡಿ ತೋರಿಸಲು ಹೋದಿರಿ. ಅದೇ ನಿಮ್ಮನ್ನು ಕೆಡವಿತು.

ಗ್ರಾಫುಗಳನ್ನು ಹಿಡಿದು ಸರ್ ಕೋಣೆಗೆ ಹೋದಾಗ ಅವರೂ ಒಂದರ ಮೇಲೊಂದು ಇಟ್ಟು ನೋಡಿದರು. ಕೆಟ್ಟವರಲ್ಲ ಅವರು, ನಿಮಗೂ ಗೊತ್ತು. ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದೆ. ಒದ್ದೆ ಕಣ್ಣಿನಲ್ಲೇ ಹೇಳಿದರು. "ಇದು ಈಗ ಹೊಸ ಕೆಲಸ, ದಿನೇಶ. ನೀನು ಬರೆ, ನಿನ್ನ ಥೀಸಿಸಿಗೆ ಆಗ್ತದೆ. ಅವಳ ಹೆಸರು ಹಾಕಿದರೆ ಹಳೆಯದೆಲ್ಲ ಎದ್ದು ಬರ್ತದೆ. ಆ ಮನೆಯವರನ್ನು ಯೋಚನೆ ಮಾಡು." ನಾನು ಮನೆಯವರನ್ನು ಯೋಚನೆ ಮಾಡಿಯೇ ಬಂದಿದ್ದೆ. ಅವರಿಗೆ ಮೊದಲು ತಿಳಿಸುತ್ತೇನೆ, ನಿಮ್ಮ ಮಗಳು ಸುಳ್ಳು ಹೇಳಿದವಳಲ್ಲ ಎಂದು ಹೇಳುತ್ತೇನೆ, ಆಮೇಲೆ ಯಾವ ಹಳೆಯದು ಎದ್ದು ಬಂದರೂ ಬರಲಿ ಎಂದು ಹೇಳಿ ಹೊರಟೆ. ಸರ್ ತಡೆಯಲಿಲ್ಲ.

ನಿಮ್ಮ ಮನೆಯ ಮೆಟ್ಟಿಲು ಹತ್ತಿದೊಡನೆ ಎದುರಿನ ಗೋಡೆಯಲ್ಲಿ ನೀವು ಇದ್ದಿರಿ. ನಿಮ್ಮ ಅಣ್ಣ ದುಬೈಯಿಂದ ಬಂದಾಗ ಮಾಡಿಸಿದ ಫೋಟೋ, ಮಲ್ಲಿಗೆಯ ಹಾರ. ಕೆಳಗೆ ಚಿನ್ನದ ಬಣ್ಣದ ಅಕ್ಷರದಲ್ಲಿ ಡಾ. ಹರಿಣಾಕ್ಷಿ ಎಂದು ಬರೆಸಿದ್ದಾರೆ. ನಾನು ಅದನ್ನೇ ನೋಡುತ್ತ ನಿಂತೆ. ಅಮ್ಮ ಒಳಗಿನಿಂದ ಬಂದು, ಅವಳು ಎಲ್ಲ ಮುಗಿಸಿಯೇ ಹೋದದ್ದು ನಮಗೊಂದು ಸಮಾಧಾನ ಎಂದರು. ಕೆಲಸವೆಲ್ಲ ಆಯಿತು, ಇನ್ನು ಸರ್ಟಿಫಿಕೇಟ್ ಒಂದು ಬರಲಿಕ್ಕಿದೆ ಎಂದು ನೀವು ಹೇಳಿದ್ದಿರಂತೆ. ಆ ಬಸ್‌ಸ್ಟಾಪಿನಿಂದ ಮನೆಗೆ ಹೋಗಿ ಹೇಳಿದ್ದೇ ಅಕ್ಕ ಅದನ್ನು? ಲ್ಯಾಬಿನಲ್ಲಿ ನಿಮ್ಮನ್ನು ಅನುಮಾನಿಸಿದ್ದೇ ಆ ಮನೆಗೆ ಗೊತ್ತಿಲ್ಲ. ನೀವು ತಪ್ಪು ಮಾಡಿಲ್ಲ ಎಂದು ಹೇಳಬೇಕಾದರೆ, ಮಾಡಿದ್ದೀರಿ ಎಂದು ಲೋಕ ಹೇಳಿದ್ದನ್ನು ಮೊದಲು ಹೇಳಬೇಕು. ಡಿಗ್ರಿ ಬರಲಿಲ್ಲ, ಬರುವುದೂ ಇಲ್ಲ ಎಂದು ಹೇಳಬೇಕು. ಅಂಗಿಯ ಜೇಬಿನಲ್ಲಿ ಒಂದು ಸಣ್ಣ ಸೀಸೆಯಲ್ಲಿ ಹರಳು ತಂದಿದ್ದೆ, ಅಮ್ಮನಿಗೆ ತೋರಿಸಲೆಂದು. ಹೊರಗೆ ತೆಗೆಯಲಿಲ್ಲ.

ಅತ್ತಿಗೆ ಚಹಾ ತಂದಿಟ್ಟರು. ನಿಮ್ಮ ಜೊತೆ ಕೆಲಸ ಮಾಡಿದವನು ಎಂದು ಅಮ್ಮ ನನ್ನನ್ನೇ ನೋಡುತ್ತಿದ್ದರು. ಏನೋ ಕೇಳುವುದಿದೆ ಎಂದು ನನಗೆ ಅನಿಸುತ್ತಲೇ ಇತ್ತು. ಕೇಳಿಯೇ ಬಿಟ್ಟರು.

"ಜ್ವರ ಏರಿದ ಮೇಲೆ ಅವಳು ಒಂದೇ ಮಾತು ಹೇಳ್ತಾ ಇದ್ದಳು, ಮಗಾ. ನಾನು ಸರಿಯಾಗಿ ಒಣಗಿಸಲಿಲ್ಲ ಅಮ್ಮ, ಇನ್ನೂ ಸ್ವಲ್ಪ ಒಣಗಿಸಬೇಕಿತ್ತು ಅಂತ. ಮಳೆಗಾಲ ಅಲ್ವಾ, ನಾನು ಬಟ್ಟೆಯ ವಿಷಯ ಅಂತ ಗ್ರಹಿಸಿ, ಎಲ್ಲ ಒಣಗಿದೆ, ನೀನು ಮಲಗು ಅಂತ ಹೇಳ್ತಾ ಇದ್ದೆ. ಅವಳಿಗೆ ಸಮಾಧಾನ ಆಗಲೇ ಇಲ್ಲ. ಎಂತ ಒಣಗಿಸ್ಲಿಕ್ಕೆ ಇತ್ತು ಅವಳಿಗೆ? ನಿನಗೆ ಗೊತ್ತುಂಟಾ?"

ಗೊತ್ತಿಲ್ಲ ಅಮ್ಮ ಎಂದೆ.

ಸರ್ ಹೇಳಿದ ಹಾಗೆ ಅದನ್ನು ನನ್ನ ಹೆಸರಿನಲ್ಲಿ ಬರೆಯುವುದಿಲ್ಲ. ಆ ಒಂದು ಮಾತು ಕೊಡುತ್ತೇನೆ. ನಿಮ್ಮ ಹೆಸರಿನಲ್ಲಿ ಬರೆಯುವ ಧೈರ್ಯ ಕಾಪುವಿನಿಂದ ವಾಪಸ್ ಬರುವಾಗ ನನ್ನಲ್ಲಿ ಉಳಿದಿರಲಿಲ್ಲ. ಮುಂದೆ ಬರುತ್ತದೋ ಇಲ್ಲವೋ ತಿಳಿಯದು. ಅಮ್ಮನಿಗೆ ಕೊಡಲಾಗದ ಉತ್ತರವನ್ನು ನಿಮಗೆ ಬರೆಯುತ್ತಿದ್ದೇನೆ, ನಿಮಗೆ ಇದು ಮುಟ್ಟುವುದಿಲ್ಲ ಎಂದು ಗೊತ್ತಿದ್ದೂ. ನೀವು ಸರಿಯಾಗಿಯೇ ಒಣಗಿಸಿದ್ದಿರಿ, ಅಕ್ಕ. ಒಣಗಿಸಬಾರದಿತ್ತು.

ದಿನೇಶ